ಕೆರೆ ಹಕ್ಕಿ ಗುರುತಿಸುವಾಗ ಬಣ್ಣ ಕೊನೆಗಿರಲಿ

ಕೆರೆಯಲ್ಲಿ ಹಕ್ಕಿ ನೋಡುವವರಿಗೆ ಮಿಂಚುಳ್ಳಿ ತೊಂದರೆ ಕೊಡುವುದಿಲ್ಲ. ಬಣ್ಣದ ಕೊಕ್ಕರೆಯೂ ಕೊಡುವುದಿಲ್ಲ. ತೊಂದರೆ ಕೊಡುವುದು ಬಿಳಿ ಹಕ್ಕಿ, ಕಪ್ಪು ಹಕ್ಕಿ, ಕಂದು ಹಕ್ಕಿ. ಕೆರೆಯಲ್ಲಿ ಜಾಸ್ತಿ ಇರುವುದೂ ಇವೇ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಯಾವ ಕೆರೆ ಏರಿ ಮೇಲೆ ನಿಂತರೂ ಕಣ್ಣಿಗೆ ಮೊದಲು ಬೀಳುವುದು ಬೆಳ್ಳಕ್ಕಿಗಳ ಸಾಲು, ಒಣ ಜಾಲಿ ಕೊಂಬೆಯ ಮೇಲೆ ರೆಕ್ಕೆ ಬಿಚ್ಚಿ ಕೂತ ನೀರುಕಾಗೆಗಳು, ದೂರದ ನೀರಲ್ಲಿ ತೇಲುವ ಕಂದು ಚುಕ್ಕೆಗಳು. ಹೊಸಬರು ಇವಕ್ಕೆ ತಪ್ಪು ಹೆಸರು ಕೊಡುವುದು ಕಣ್ಣು ಸರಿಯಿಲ್ಲದೆ ಅಲ್ಲ. ಅವರು ಮೊದಲು ಬಣ್ಣ ನೋಡುತ್ತಾರೆ, ತಪ್ಪು ಆಗುವುದು ಅಲ್ಲೇ. ಬಣ್ಣ ಬೆಳಕಿನ ಜೊತೆ ಬದಲಾಗುತ್ತದೆ, ವಯಸ್ಸಿನ ಜೊತೆ ಬದಲಾಗುತ್ತದೆ, ತಿಂಗಳಿನ ಜೊತೆಯೂ ಬದಲಾಗುತ್ತದೆ. ಕೊಕ್ಕಿನ ಆಕಾರ, ಕತ್ತಿನ ಉದ್ದ, ನಡೆಯುವ ರೀತಿ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಹಾಗಾಗಿ ಇಲ್ಲಿ ಒಂದು ಕ್ರಮ ಹೇಳುತ್ತೇನೆ. ಎಲ್ಲಿ ನಿಲ್ಲಬೇಕು, ಏನನ್ನು ಮೊದಲು ನೋಡಬೇಕು, ಆಮೇಲೆ ಒಂದೊಂದು ಗುಂಪಿನಲ್ಲಿ ಯಾವ ಗುರುತು ನಂಬಬೇಕು. ಬೈನಾಕ್ಯುಲರ್ ಇದ್ದರೆ ಒಳ್ಳೆಯದು. 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು) ಸಾಕು. 10x42 ಬೇಡ ಅಂತಲ್ಲ, ಆದರೆ ಕೈ ನಡುಗುವುದೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಮೊದಲು ನಿಲ್ಲುವ ಜಾಗ

ಸೂರ್ಯ ಬೆನ್ನಿಗಿರಬೇಕು. ಬೆಳಿಗ್ಗೆ ಹೋದರೆ ಕೆರೆಯ ಪೂರ್ವದ ದಡಕ್ಕೆ, ಸಂಜೆ ಹೋದರೆ ಪಶ್ಚಿಮದ ದಡಕ್ಕೆ. ಏರಿ ಮೇಲೆ ಗಾಡಿ ನಿಲ್ಲಿಸಲು ಜಾಗ ಇದೆ ಅಂತ ಅಲ್ಲೇ ನಿಲ್ಲುತ್ತೇವೆ, ಎದುರಿಗೆ ಬಿಸಿಲು ಹೊಡೆಯುತ್ತಿರುತ್ತದೆ. ಆಗ ಪುಟ್ಟ ಮುಳುಗುಹಕ್ಕಿ ಗುಳುಮುಳುಕವೂ ಕಪ್ಪು, ಬಾತೂ ಕಪ್ಪು, ಬಿಳಿ ಹಣೆಯ ನಾಮದ ಕೋಳಿಯೂ ಕಪ್ಪು. ಅರ್ಧ ಗಂಟೆ ಬಳಸಿ ಇನ್ನೊಂದು ಕಡೆ ಹೋಗುವುದು ಅಲ್ಲೇ ಕಣ್ಣು ಕಿರಿದು ಮಾಡಿಕೊಂಡು ನಿಲ್ಲುವುದಕ್ಕಿಂತ ಲಾಭ.

ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಕುಣಿಯಲು ಶುರುವಾಗುತ್ತದೆ. ದೂರದ ಹಕ್ಕಿಯ ಕಾಲು ಉದ್ದವಾಗಿ ಕಾಣುತ್ತದೆ, ಕೊಕ್ಕು ಬಾಗಿದಂತೆ ಕಾಣುತ್ತದೆ. ಬೇಸಿಗೆಯಲ್ಲಿ ಒಂಬತ್ತು ಗಂಟೆ ಆಯಿತು ಅಂದರೆ ದೂರದ ಕೆಸರಲ್ಲಿ ಓಡಾಡುವ ಗೊರವಗಳನ್ನು ಬಿಟ್ಟು ಹತ್ತಿರದ ಜೊಂಡಿನ ಕಡೆ ತಿರುಗಿ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಕೆರೆ ಅಂಗಳದಲ್ಲಿ ಇಟ್ಟಿಗೆಗೆ, ತೋಟಕ್ಕೆ ಮಣ್ಣು ತೆಗೆದ ಗುಂಡಿಗಳಿರುತ್ತವೆ. ನೀರು ತುಂಬಿದ ಮೇಲೆ ಅವು ಕಾಣುವುದಿಲ್ಲ. ಹಕ್ಕಿ ಇನ್ನೂ ಹತ್ತಿರ ಕಾಣಲಿ ಅಂತ ನೀರಿಗಿಳಿಯಲೇ ಬೇಡಿ.

ಆಮೇಲೆ ನೀರಿನ ಆಳ ನೋಡಿ

ಹಕ್ಕಿ ನೋಡುವ ಮೊದಲು ನೀರು ನೋಡಿ. ಇದು ತಮಾಷೆಯಲ್ಲ. ವರ್ಷವಿಡೀ ಹರಿಯುವ ನದಿ ಇಲ್ಲದ ಸೀಮೆ ನಮ್ಮದು. ಪಾಲಾರ್, ಪೆನ್ನಾರ್ ಹುಟ್ಟುವುದು ಇಲ್ಲೇ ನಂದಿಬೆಟ್ಟದ ಸುತ್ತ ಆದರೂ ಜಾಸ್ತಿ ದಿನ ಒಣಗಿಯೇ ಇರುತ್ತವೆ. ಕೆರೆಗಳ ಮಟ್ಟ ಒಂದು ವರ್ಷ ಕೋಡಿ ಬೀಳುತ್ತದೆ, ಇನ್ನೊಂದು ವರ್ಷ ದನ ಮೇಯುವ ಬಯಲಾಗುತ್ತದೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೋಲಾರದ ಬೇರೆ ಕೆರೆಗಳಿಗೆ ಹರಿದ ಮೇಲೆ ಲೆಕ್ಕ ಮತ್ತೆ ಬದಲಾಯಿತು. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೂ ಅಂಥದ್ದೇ ಎಚ್.ಎನ್. ವ್ಯಾಲಿ ಯೋಜನೆಯ ನೀರು ಬಂತು. ಆ ನೀರಿನ ಬಗ್ಗೆ ಇರುವ ವಾದ ಬೇರೆ ಲೇಖನದ ವಿಷಯ. ಹಕ್ಕಿ ನೋಡುವವರಿಗೆ ಬೇಕಾದ್ದು ಇಷ್ಟೇ: ಕೆರೆ ಆಳವಾದರೆ ಮುಳುಗುವ ಹಕ್ಕಿಗಳಿಗೆ ಅನುಕೂಲ, ಕೆಸರಿನ ಅಂಚು ಮುಳುಗಿಹೋದರೆ ಗೊರವಗಳು ಬೇರೆ ಕೆರೆ ಹುಡುಕುತ್ತವೆ.

ಆಳ ನೀರಿನ ನಡುವೆ ಇದ್ದರೆ ಅದು ನೀರುಕಾಗೆ, ಹಾವಕ್ಕಿ, ಗುಳುಮುಳುಕ, ನಾಮದ ಕೋಳಿ, ಇಲ್ಲವೇ ಬಾತು. ಮೊಣಕಾಲು ನೀರಲ್ಲಿ ನಿಂತಿದ್ದರೆ ಬೆಳ್ಳಕ್ಕಿ, ಬಕ, ಕೊಕ್ಕರೆ, ಬಾಗಿದ ಕೊಕ್ಕಿನ ಕೆಂಬರಲು, ಚಮಚಕೊಕ್ಕು. ಒದ್ದೆ ಕೆಸರಲ್ಲಿ ಓಡಾಡುತ್ತಿದ್ದರೆ ಗೊರವ ಮತ್ತು ಅದರ ನೆಂಟರು. ಜೊಂಡಿನೊಳಗೆ ನುಸುಳುತ್ತಿದ್ದರೆ ನೀರುಕೋಳಿಗಳ ಬಳಗ. ಹೆಸರು ಹೇಳುವ ಮೊದಲೇ ಪುಸ್ತಕದ ಮುಕ್ಕಾಲು ಪುಟ ಮುಚ್ಚಿದ ಹಾಗಾಯಿತು, ಅಲ್ವಾ?

ನೋಡುವ ಕ್ರಮ

ಈಗ ಹಕ್ಕಿ. ಮೊದಲು ಗಾತ್ರ. ಸೆಂಟಿಮೀಟರ್‌ನಲ್ಲಿ ಬೇಡ, ಪಕ್ಕದ ಹಕ್ಕಿಗೆ ಹೋಲಿಸಿ. ಬಯಲು ನೀರಲ್ಲಿ ಒಂಟಿ ಹಕ್ಕಿ ಎಷ್ಟು ದೊಡ್ಡದು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಒಂದು ನಾಮದ ಕೋಳಿ ಬರುವ ತನಕ ಕಾಯಿರಿ. ಅದು ಎಲ್ಲ ಕೆರೆಯಲ್ಲೂ ಇರುತ್ತದೆ, ನಮಗೆ ಅಳತೆಗೋಲು ಅದೇ.

ಎರಡನೆಯದು ಕೊಕ್ಕು. ಉದ್ದವೇ, ಗಿಡ್ಡವೇ, ನೇರವೇ, ಬಾಗಿದೆಯೇ, ತುದಿ ಕೊಕ್ಕೆಯಂತಿದೆಯೇ. ಬಣ್ಣ ಆಮೇಲೆ. ಮೂರನೆಯದು ಕಾಲು, ಕಂಡರೆ. ನಾಲ್ಕನೆಯದು ಅದು ಮಾಡುತ್ತಿರುವ ಕೆಲಸ. ಐದನೆಯದು ಹಾರುವ ತನಕ ತಾಳ್ಮೆ. ಹಾರುವಾಗ ರೆಕ್ಕೆ, ಬೆನ್ನು, ಬಾಲದ ಬುಡ ಮೂರೂ ತೆರೆದುಕೊಳ್ಳುತ್ತವೆ. ಕೂತಾಗ ಅರ್ಧ ಗಂಟೆ ಕಾಣದ ಗುರುತು ಹಾರಿದ ಎರಡು ಸೆಕೆಂಡಿನಲ್ಲಿ ಕಾಣುತ್ತದೆ. ಹಾಗಂತ ಕಲ್ಲು ಹೊಡೆದು, ಚಪ್ಪಾಳೆ ತಟ್ಟಿ ಹಾರಿಸಬೇಡಿ. ಗಿಡುಗ ಒಂದು ಸುತ್ತು ಬಂದರೆ ಸಾಕು, ಇಡೀ ಕೆರೆ ತಾನಾಗಿಯೇ ಎದ್ದೇಳುತ್ತದೆ.

ಇಷ್ಟನ್ನೂ ನೋಡಿ ಎರಡು ಸಾಲು ಬರೆದುಕೊಂಡ ಮೇಲೆ ಪುಸ್ತಕ ತೆಗೆಯಿರಿ. ಮೊದಲೇ ತೆಗೆದರೆ ಪುಸ್ತಕದಲ್ಲಿರುವ ಚಿತ್ರವೇ ಹಕ್ಕಿಯ ಮೇಲೆ ಕಾಣಲು ಶುರುವಾಗುತ್ತದೆ.

ಬಿಳಿ ಗುಂಪು

ಬೆಳ್ಳಕ್ಕಿ ನಾಲ್ಕು: ಗೋವಕ್ಕಿ, ಚಿಕ್ಕ ಬೆಳ್ಳಕ್ಕಿ, ಮಧ್ಯಮ ಬೆಳ್ಳಕ್ಕಿ, ದೊಡ್ಡ ಬೆಳ್ಳಕ್ಕಿ. ನಾಲ್ಕೂ ಒಂದೇ ಕೆರೆಯಲ್ಲಿ ಸಿಗುತ್ತವೆ, ಒಂದೇ ಮರದಲ್ಲಿ ರಾತ್ರಿ ಕಳೆಯುತ್ತವೆ.

ಗೋವಕ್ಕಿ ಗಿಡ್ಡ, ದಪ್ಪ ಕತ್ತು, ಹಳದಿ ಗಿಡ್ಡ ಕೊಕ್ಕು. ಕೆಳಕೊಕ್ಕಿನ ಅಡಿಯವರೆಗೂ ಗರಿ ಬಂದಿರುತ್ತದೆ, ಹಾಗಾಗಿ ಗಲ್ಲ ಊದಿದಂತೆ ಕಾಣುತ್ತದೆ. ಎಮ್ಮೆ, ಟ್ರ್ಯಾಕ್ಟರ್, ಕಸದ ರಾಶಿ ಎಲ್ಲಿದೆಯೋ ಅಲ್ಲಿ ಇದು. ಮರಿ ಮಾಡುವ ಕಾಲದಲ್ಲಿ ತಲೆ, ಕತ್ತು, ಬೆನ್ನಿಗೆ ಕಿತ್ತಳೆ ಬಣ್ಣ ಬರುತ್ತದೆ. ಆಗ ಯಾರೂ ತಪ್ಪು ಮಾಡುವುದಿಲ್ಲ. ಉಳಿದ ಕಾಲದಲ್ಲಿ ಪೂರ್ತಿ ಬಿಳಿ. ತಪ್ಪು ಆಗುವುದು ಆಗಲೇ.

ಚಿಕ್ಕ ಬೆಳ್ಳಕ್ಕಿಗೆ ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದ. ಎಲ್ಲ ಪುಸ್ತಕದಲ್ಲೂ ಇದೇ ಇದೆ. ನಿಜವೂ ಹೌದು. ಆದರೆ ಕೆರೆಯಲ್ಲಿ ಆ ಪಾದ ನೀರಿನ ಒಳಗೆ ಇರುತ್ತದೆ. ನೀರಿನಿಂದ ಮೇಲೆ ಬಂದರೂ ಕಪ್ಪು ಕೆಸರು ಮೆತ್ತಿರುತ್ತದೆ. ಪಾದ ಕಾಣಲಿಲ್ಲ ಅಂತ ಬೇರೆ ಹೆಸರು ಕೊಡಬೇಡಿ, ಅದು ಹೇಗೆ ಬೇಟೆಯಾಡುತ್ತದೆ ನೋಡಿ. ಒಂದು ಕಾಲನ್ನು ಮುಂದಿಟ್ಟು ಕೆಸರನ್ನು ಗಡಗಡ ಕದಡುತ್ತದೆ, ಮೀನು ಎದ್ದ ಕೂಡಲೇ ರೆಕ್ಕೆ ಅರ್ಧ ಬಿಚ್ಚಿ ಓಡುತ್ತದೆ, ಪಕ್ಕಕ್ಕೆ ತಿರುಗುತ್ತದೆ, ಮತ್ತೆ ಓಡುತ್ತದೆ. ದೊಡ್ಡ ಬೆಳ್ಳಕ್ಕಿ ಹೀಗೆ ಕುಣಿಯುವುದು ಕಾಣುವುದು ಕಡಿಮೆ. ಅದು ನಿಂತಲ್ಲೇ ನಿಂತು ಕಾಯುತ್ತದೆ, ಇಲ್ಲವೇ ಅಳೆದು ಅಳೆದು ಹೆಜ್ಜೆ ಹಾಕುತ್ತದೆ. ಮರಿ ಮಾಡುವ ಕಾಲದಲ್ಲಿ ನೆತ್ತಿಯ ಹಿಂದೆ ಎರಡು ಉದ್ದ ಗರಿ ಇಳಿಬಿದ್ದಿದ್ದರೆ ಅದು ಚಿಕ್ಕ ಬೆಳ್ಳಕ್ಕಿಯೇ. ಮಧ್ಯಮ, ದೊಡ್ಡ ಎರಡಕ್ಕೂ ಬೆನ್ನಲ್ಲಿ ಜರಿಯಂಥ ಗರಿ ಬರುತ್ತದೆ, ತಲೆಗೆ ಬರುವುದಿಲ್ಲ.

ನಿಜವಾದ ಜಗಳ ಇರುವುದು ಮಧ್ಯಮ ಮತ್ತು ದೊಡ್ಡದರ ನಡುವೆ. ಹಳದಿ ಕೊಕ್ಕು ಇಬ್ಬರಿಗೂ ಇದೆ, ಕಪ್ಪು ಕಾಲು ಇಬ್ಬರಿಗೂ ಇದೆ. ಮರಿ ಮಾಡುವ ಕಾಲದಲ್ಲಿ ಎರಡರ ಕೊಕ್ಕೂ ಕಪ್ಪಾಗುತ್ತದೆ. ಹಾಗಾಗಿ ಇಲ್ಲಿ ಬಣ್ಣವನ್ನು ಪೂರ್ತಿ ಮರೆತುಬಿಡಿ. ಬಾಯಿಯ ಗೆರೆ ನೋಡಿ. ಕೊಕ್ಕಿನ ಎರಡು ಭಾಗ ಸೇರುವ ಕಡೆಯಿಂದ ಹಿಂದಕ್ಕೆ ಒಂದು ತೆಳು ಗೆರೆ ಹೋಗುತ್ತದೆ. ಮಧ್ಯಮದಲ್ಲಿ ಅದು ಕಣ್ಣಿನ ಕೆಳಗೇ ನಿಲ್ಲುತ್ತದೆ. ದೊಡ್ಡದರಲ್ಲಿ ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ. ಹತ್ತಿರದಿಂದ ಫೋಟೊ ಸಿಕ್ಕರೆ ಈ ಒಂದು ಗುರುತಲ್ಲೇ ಮುಗಿಯಿತು. ದೂರ ಇದ್ದರೆ ಕತ್ತು ನೋಡಿ. ದೊಡ್ಡದರ ಕತ್ತು ಮೈಗಿಂತ ಚೆನ್ನಾಗಿ ಉದ್ದ, ನಡುವೆ ಮುರಿದು ಜೋಡಿಸಿದ ಹಾಗೆ ಒಂದು ಗೆಣ್ಣು. ತಲೆ ಚಪ್ಪಟೆ, ಕೊಕ್ಕು ಉದ್ದ. ಮಧ್ಯಮದ ಕತ್ತು ಹೆಚ್ಚು ಕಡಿಮೆ ಮೈಯಷ್ಟೇ, ತಲೆ ದುಂಡಗೆ, ಕೊಕ್ಕು ಗಿಡ್ಡ, ಅದರ ತುದಿಗೆ ಹಲವು ಸಲ ಮಸಿ ತಾಗಿಸಿದಂತೆ ಕಪ್ಪು.

ಬೆಳ್ಳಕ್ಕಿಗಳ ನಡುವೆ ತಲೆಯನ್ನು ಬೆನ್ನಲ್ಲಿ ಹುದುಗಿಸಿಕೊಂಡು ಮಲಗಿದ ದಪ್ಪ ಮೈಯ ಬಿಳಿ ಹಕ್ಕಿ ಇದ್ದರೆ ಸ್ವಲ್ಪ ಕಾಯಿರಿ. ಚಮಚಕೊಕ್ಕು ಇರಬಹುದು, ಕರಿತಲೆ ಕೆಂಬರಲು ಇರಬಹುದು. ಎದ್ದ ಮೇಲೆ ಯಾರಿಗೂ ಅನುಮಾನ ಉಳಿಯುವುದಿಲ್ಲ.

ಕತ್ತು ಮಡಚಿದೆಯೋ, ಚಾಚಿದೆಯೋ

ಇದು ಹಾರುವ ಹಕ್ಕಿಗೆ. ಬಕ ಮತ್ತು ಬೆಳ್ಳಕ್ಕಿ ದೂರ ಹಾರುವಾಗ ಕತ್ತನ್ನು ಮಡಚಿ ಹೆಗಲಿಗೆ ತಂದುಕೊಳ್ಳುತ್ತವೆ. ಕೊಕ್ಕರೆ, ಕೆಂಬರಲು, ಚಮಚಕೊಕ್ಕು ಕತ್ತು ಚಾಚಿ ಹಾರುತ್ತವೆ. ಇಷ್ಟು ನೆನಪಿದ್ದರೆ ತಲೆ ಮೇಲೆ ಹಾದುಹೋಗುವ ಅರ್ಧದಷ್ಟು ಹಕ್ಕಿಗಳ ಗುಂಪು ಗೊತ್ತಾಗುತ್ತದೆ. ಬಕ ಆಗಷ್ಟೇ ನೆಲ ಬಿಟ್ಟಾಗ ಮಾತ್ರ ಕತ್ತು ಚಾಚಿರುತ್ತದೆ, ಆ ಎರಡು ಕ್ಷಣ ಬಿಟ್ಟುಬಿಡಿ.

ಇದನ್ನು ಕಲಿಯಲು ಸಿರಾ ತಾಲೂಕಿನ ಕಗ್ಗಲಡು ಒಳ್ಳೆಯ ಜಾಗ. ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ, ಬೂದು ಬಕ ಎರಡೂ ಗೂಡು ಕಟ್ಟುತ್ತವೆ. ಊರವರು ಅವನ್ನು ಕಾಯುತ್ತಾರೆ. ಒಂದೇ ಮರದಿಂದ ಒಂದು ಕತ್ತು ಮಡಚಿ ಹೋಗುತ್ತದೆ, ಇನ್ನೊಂದು ಚಾಚಿ ಹೋಗುತ್ತದೆ. ಬಣ್ಣದ ಕೊಕ್ಕರೆಯ ಮರಿಗಳನ್ನೂ ಅಲ್ಲಿ ನೋಡಿಕೊಳ್ಳಿ. ಅವಕ್ಕೆ ಗುಲಾಬಿ ಇಲ್ಲ, ಎದೆಪಟ್ಟಿ ಇಲ್ಲ, ಮಾಸಲು ಕಂದು ಅಷ್ಟೇ. ಆಮೇಲೆ ಎಲ್ಲೋ ಕೆರೆಯಲ್ಲಿ ಅಂಥದ್ದು ಒಂಟಿಯಾಗಿ ಸಿಕ್ಕಾಗ ಯಾವುದೋ ಹೊಸ ಕೊಕ್ಕರೆ ಅಂತ ಅನ್ನಿಸುವುದಿಲ್ಲ. ಕೊಕ್ಕು ನೋಡಿದರೆ ಅದೇ ಉದ್ದ, ತುದಿಯಲ್ಲಿ ಕೊಂಚ ಬಾಗಿದ್ದು. ಮರದ ಕೆಳಗೆ ಗುಂಪು ಕಟ್ಟಿ ಗಲಾಟೆ ಮಾಡಬೇಡಿ, ಮರಿ ಬೀಳುತ್ತವೆ.

ಬಾಯ್ಕಳಕ ಕೊಕ್ಕರೆಯ ಮರಿಯೂ ಮೋಸ ಮಾಡುತ್ತದೆ. ದೊಡ್ಡದಾದ ಮೇಲೆ ಕೊಕ್ಕಿನ ನಡುವೆ ಸಂದು ಬರುತ್ತದೆ, ಮರಿಗೆ ಆ ಸಂದು ಇರುವುದಿಲ್ಲ. ಬಸವನಹುಳ ಎತ್ತುವ ಕೆಲಸ ನೋಡಿ, ಜೊತೆಗಿರುವ ದೊಡ್ಡ ಹಕ್ಕಿಗಳನ್ನು ನೋಡಿ.

ಕಪ್ಪು ಗುಂಪು

ನೀರುಕಾಗೆ ನಮ್ಮಲ್ಲಿ ಮೂರು. ಪುಟ್ಟದು, ಭಾರತೀಯ, ದೊಡ್ಡದು. ದೊಡ್ಡದು ನಿಜಕ್ಕೂ ದೊಡ್ಡದು, ಪುಟ್ಟದರ ಪಕ್ಕ ಕೂತರೆ ಕೋಳಿ ಪಕ್ಕ ಟರ್ಕಿ ಕೂತ ಹಾಗೆ. ಕೊಕ್ಕಿನ ಬುಡದಲ್ಲಿ ಹಳದಿ ಚರ್ಮ, ಅದರ ಸುತ್ತ ಬಿಳಿ. ಅನುಮಾನ ಬರುವುದು ಪುಟ್ಟದು ಮತ್ತು ಭಾರತೀಯದ ನಡುವೆ.

ಪುಟ್ಟದರ ಕೊಕ್ಕು ಗಿಡ್ಡ, ಮೊಂಡು. ಹಣೆ ಎದ್ದಿರುತ್ತದೆ, ತಲೆ ದುಂಡಗಿರುತ್ತದೆ. ಮುಖ ನೋಡಿದರೆ ಎಳೆ ಮಗುವಿನ ಲಕ್ಷಣ. ಬಾಲ ಮೈಗೆ ಹೋಲಿಸಿದರೆ ಉದ್ದ. ಭಾರತೀಯದ ಕೊಕ್ಕು ತೆಳು, ಉದ್ದ, ತುದಿಯಲ್ಲಿ ಸ್ಪಷ್ಟ ಕೊಕ್ಕೆ. ಹಣೆ ಇಳಿಜಾರು. ಕಣ್ಣು ಹಸಿರು ನೀಲಿ, ಬಿಸಿಲಲ್ಲಿ ಮಣಿಯಂತೆ ಹೊಳೆಯುತ್ತದೆ. ಬೆನ್ನಿನ ಗರಿಗಳು ಮೀನಿನ ಹುರುಪೆಯಂತೆ ಒಂದೊಂದಾಗಿ ಕಾಣುತ್ತವೆ. ಗಂಟಲು ಬಿಳಿ ಇದೆ ಅಂತ ಭಾರತೀಯ ಅನ್ನಬೇಡಿ, ಮರಿ ಮಾಡದ ಕಾಲದಲ್ಲಿ ಪುಟ್ಟದಕ್ಕೂ ಬಿಳಿ ಗಂಟಲು ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಕೊಕ್ಕು ಕಾಣುವಷ್ಟು ಹತ್ತಿರ ಇಲ್ಲದಿದ್ದರೆ ಇವೆರಡರಲ್ಲಿ ಯಾವುದು ಅಂತ ತೀರ್ಮಾನ ಮಾಡಲೇಬಾರದು.

ಹಾವಕ್ಕಿಯೂ ಇದೇ ಕೊಂಬೆಯ ಮೇಲೆ ಇದೇ ರೀತಿ ರೆಕ್ಕೆ ಒಣಗಿಸುತ್ತದೆ. ಗರಿ ನೀರು ಹೀರಿಕೊಳ್ಳುತ್ತದೆ, ಅದರಿಂದ ಮುಳುಗಲು ಸುಲಭ, ಮೇಲೆ ಬಂದ ಮೇಲೆ ಒಣಗಿಸಲೇಬೇಕು. ವ್ಯತ್ಯಾಸ ಕೊಕ್ಕಿನಲ್ಲಿ: ಹಾವಕ್ಕಿಗೆ ಚೂರಿಯಂತೆ ನೇರ, ಕೊಕ್ಕೆ ಇಲ್ಲ. ನೀರಲ್ಲಿದ್ದರೆ ಮೈ ಮುಳುಗಿ ಬರೀ ಕತ್ತು ಮೇಲಿರುತ್ತದೆ. ನೀರುಕಾಗೆಯೂ ತಗ್ಗಾಗಿ ತೇಲುತ್ತದೆ, ಆದರೆ ಬೆನ್ನು ಕಾಣುತ್ತದೆ, ಕೊಕ್ಕು ಸ್ವಲ್ಪ ಮೇಲಕ್ಕೆ ಎತ್ತಿರುತ್ತದೆ.

ಸಂಜೆ ಸಾಲಾಗಿ ಹಾರಿಹೋಗುವ ಕಪ್ಪು ಹಕ್ಕಿಗಳಲ್ಲಿ ಇನ್ನೊಂದು ಗೊಂದಲ. ನೀರುಕಾಗೆಯೂ ಸಾಲು ಕಟ್ಟುತ್ತದೆ, ಮಿಂಚು ಕೆಂಬರಲೂ ಕಟ್ಟುತ್ತದೆ. ಎರಡೂ ಕತ್ತು ಚಾಚುತ್ತವೆ. ಬಾಲದ ಹಿಂದಕ್ಕೆ ಕಾಲು ಚಾಚಿದ್ದರೆ, ಕೊಕ್ಕು ಕುಡುಗೋಲಿನಂತೆ ಕೆಳಗೆ ಬಾಗಿದ್ದರೆ ಕೆಂಬರಲು. ನಾಲ್ಕು ಸಲ ರೆಕ್ಕೆ ಬಡಿದು ಸ್ವಲ್ಪ ತೇಲುವುದೂ ಅದೇ. ನೀರುಕಾಗೆಗೆ ಹಿಂದೆ ಇರುವುದು ಬಾಲ, ಕಾಲಲ್ಲ.

ಜೊಂಡಿನ ಕೋಳಿಗಳು

ಇವು ಸುಲಭ. ಮೈಯೆಲ್ಲ ಕಪ್ಪು, ಕೊಕ್ಕು ಮತ್ತು ಹಣೆ ಬಿಳಿ ಇದ್ದು ನಡುನೀರಲ್ಲಿ ತೇಲುತ್ತಿದ್ದರೆ ನಾಮದ ಕೋಳಿ. ಹಾರಬೇಕಾದರೆ ನೀರಿನ ಮೇಲೆ ಪಟಪಟ ಓಡುತ್ತದೆ. ಹಣೆ ಕೆಂಪು, ಕೊಕ್ಕಿನ ತುದಿ ಹಳದಿ, ಪಕ್ಕೆಯಲ್ಲಿ ಬಿಳಿ ಗೆರೆ, ಹೆಜ್ಜೆಗೊಂದು ಸಲ ಬಾಲ ಎತ್ತಿ ಬಿಳಿ ತೋರಿಸುತ್ತಿದ್ದರೆ ಮೂರ್‌ಹೆನ್. ನೇರಳೆ ನೀಲಿ ಮೈ, ದಪ್ಪ ಕೆಂಪು ಕೊಕ್ಕು, ಜೊಂಡಿನ ದಂಟನ್ನು ಕಾಲಲ್ಲಿ ಹಿಡಿದು ತಿನ್ನುತ್ತಿದ್ದರೆ ನೇರಳೆ ಜಂಬುಕೋಳಿ. ಮುಖ ಎದೆ ಬಿಳಿ ಇದ್ದು ಬಾಲದಡಿ ಕೆಂಗಂದು ಇದ್ದರೆ ಹುಂಡುಕೋಳಿ, ಇದು ಚರಂಡಿ ಪಕ್ಕ, ತೋಟದ ಬೇಲಿಯಲ್ಲೂ ಸಿಗುತ್ತದೆ.

ಮೂರ್‌ಹೆನ್ ಎಳೆಯದಾಗಿದ್ದಾಗ ಕಂದು, ಕೆಂಪು ಎಲ್ಲೂ ಇಲ್ಲ. ಆಗಲೂ ಪಕ್ಕೆಯ ಗೆರೆ, ಬಾಲದಡಿಯ ಬಿಳಿ ಎರಡೂ ಇರುತ್ತವೆ. ಅವನ್ನೇ ಹಿಡಿಯಿರಿ.

ಕಂದು ಬಾತುಗಳು

ಅಕ್ಟೋಬರ್‌ನಿಂದ ಮಾರ್ಚ್ ತನಕ ವಲಸೆ ಬಾತುಗಳು ಇರುತ್ತವೆ. ಗಂಡುಗಳನ್ನು ಚಿತ್ರ ನೋಡಿ ಹೇಳಬಹುದು. ಹೆಣ್ಣುಗಳು ಎಲ್ಲವೂ ಕಂದು, ಎಲ್ಲವೂ ಚುಕ್ಕೆ. ಇನ್ನೊಂದು ಮಾತು ಜಾಸ್ತಿ ಜನ ಮರೆಯುತ್ತಾರೆ: ಬಿಳಿಹುಬ್ಬಿನ ಬಾತಿನ ಗಂಡು, ಅಂದರೆ ಗಾರ್ಗನೆ, ನಮ್ಮಲ್ಲಿಗೆ ಬಂದಾಗ ಹುಬ್ಬಿಲ್ಲದೆ ಬರುತ್ತದೆ. ಗರಿ ಉದುರಿಸಿ ಹೆಣ್ಣಿನ ವೇಷದಲ್ಲಿರುತ್ತದೆ. ಆ ಬಿಳಿ ಹುಬ್ಬು ಪೂರ್ತಿ ಬರುವುದು ಚಳಿಗಾಲ ಕಳೆಯುವ ಹೊತ್ತಿಗೆ. ನವೆಂಬರ್‌ನಲ್ಲಿ ಬರೀ ಹೆಣ್ಣುಗಳ ಹಿಂಡು ಕಂಡೆ ಅಂತ ಬರೆಯುವ ಮೊದಲು ಇದನ್ನು ಯೋಚಿಸಿ.

ಹೆಣ್ಣುಗಳಲ್ಲಿ ಕೊಕ್ಕೇ ಆಧಾರ. ಕೊಕ್ಕು ಮುಖಕ್ಕೆ ಹೊಂದದಷ್ಟು ದೊಡ್ಡದು, ತುದಿ ಅಗಲ, ನೀರನ್ನು ಜರಡಿ ಹಿಡಿಯುತ್ತಾ ಹೋಗುತ್ತಿದ್ದರೆ ಶವೆಲರ್. ಬೂದು ಕೊಕ್ಕು, ಉದ್ದ ತೆಳು ಕತ್ತು, ಚೂಪು ಬಾಲ ಇದ್ದರೆ ಪಿನ್‌ಟೇಲ್. ಚಿಕ್ಕ ಬಾತು, ಮುಖದ ಮೇಲೆ ಕಪ್ಪು ಬಿಳಿ ಪಟ್ಟೆ ಎದ್ದು ಕಾಣುತ್ತದೆ, ಕೊಕ್ಕಿನ ಬುಡದಲ್ಲಿ ಒಂದು ತಿಳಿ ಚುಕ್ಕೆ: ಗಾರ್ಗನೆ. ಅದಕ್ಕಿಂತ ಚಿಕ್ಕದು, ಮುಖ ಸಪ್ಪೆ, ಬಾಲದ ಪಕ್ಕ ಒಂದು ತಿಳಿ ಗೆರೆ, ರೆಕ್ಕೆಯಲ್ಲಿ ಹಸಿರು ಪಟ್ಟಿ: ಕಾಮನ್ ಟೀಲ್. ಕೊಕ್ಕು ಕಪ್ಪು, ತುದಿ ಮಾತ್ರ ಹಳದಿ ಇದ್ದರೆ ವಲಸೆಯದ್ದಲ್ಲ, ನಮ್ಮದೇ ಸ್ಪಾಟ್‌ಬಿಲ್, ವರ್ಷವಿಡೀ ಇರುತ್ತದೆ.

ಬಾತಿನ ಮರಿ ಅಂದುಕೊಂಡದ್ದು ಬುಳಕ್ ಅಂತ ಮುಳುಗಿ ಇಪ್ಪತ್ತು ಅಡಿ ಆಚೆ ಎದ್ದರೆ ಅದು ಗುಳುಮುಳುಕ. ಹಿಂಭಾಗ ಉಬ್ಬಿದ ಹತ್ತಿಯಂತೆ, ಬಾಲ ಇಲ್ಲವೇ ಇಲ್ಲ.

ಗೊರವಗಳು, ಅಂದರೆ ತಲೆನೋವು

ಇಲ್ಲಿ ಹೊತ್ತು ಕಳೆಯಿರಿ. ಕೆಸರಂಚಿನ ಸಣ್ಣ ಕಂದು ಹಕ್ಕಿಗಳಲ್ಲಿ ಮೂರು ನಮ್ಮ ಕೆರೆಗಳಲ್ಲಿ ಪದೇಪದೇ ಸಿಗುತ್ತವೆ: ಕಾಮನ್, ಗ್ರೀನ್, ವುಡ್ ಸ್ಯಾಂಡ್‌ಪೈಪರ್. ಆಗಸ್ಟ್ ಹೊತ್ತಿಗೇ ಬರಲು ಶುರು ಮಾಡುತ್ತವೆ, ಬಾತುಗಳಿಗಿಂತ ಮೊದಲು.

ಮೊದಲು ಓಡುವ ರೀತಿ ನೋಡಿ. ನಾಲ್ಕು ಹೆಜ್ಜೆ ಓಡಿ ತಟ್ಟನೆ ನಿಂತು ಮತ್ತೆ ಓಡಿದರೆ ಅದು ಪ್ಲೋವರ್, ಸ್ಯಾಂಡ್‌ಪೈಪರ್ ಅಲ್ಲ. ಕಣ್ಣಿನ ಸುತ್ತ ಹಳದಿ ಉಂಗುರ ಇದ್ದರೆ ಲಿಟ್ಲ್ ರಿಂಗ್ಡ್ ಪ್ಲೋವರ್. ಸ್ಯಾಂಡ್‌ಪೈಪರ್ ಕುಕ್ಕುತ್ತಾ ನಡೆಯುತ್ತಲೇ ಇರುತ್ತದೆ.

ಕಾಮನ್ ಸ್ಯಾಂಡ್‌ಪೈಪರ್ ಹಿಂಭಾಗವನ್ನು ನಿಲ್ಲಿಸದೆ ಮೇಲೆ ಕೆಳಗೆ ಆಡಿಸುತ್ತದೆ. ಉಳಿದೆರಡೂ ಸ್ವಲ್ಪ ಆಡಿಸುತ್ತವೆ, ಇದರಷ್ಟಲ್ಲ. ಖಚಿತ ಗುರುತು ಹೆಗಲಲ್ಲಿದೆ: ಎದೆಯ ಬಿಳಿ ರೆಕ್ಕೆಯ ಮುಂದಿನಿಂದ ಬೆಣೆಯಂತೆ ಮೇಲಕ್ಕೆ ಹತ್ತುತ್ತದೆ. ಹಾರುವಾಗ ನೀರಿಗೆ ತಾಗುವಷ್ಟು ತಗ್ಗಾಗಿ, ರೆಕ್ಕೆಯನ್ನು ಬಿಗಿಯಾಗಿ ಕಂಪಿಸುತ್ತಾ ಹೋಗುತ್ತದೆ, ರೆಕ್ಕೆಯಲ್ಲಿ ಬಿಳಿ ಪಟ್ಟಿ. ಒಂಟಿ ಹಕ್ಕಿ, ತೂಬಿನ ಕಲ್ಲಿನ ಮೇಲೆ, ಕೋಡಿ ಕಟ್ಟೆಯ ಮೇಲೆ ಸಿಗುವುದು ಜಾಸ್ತಿ.

ಗ್ರೀನ್ ಮತ್ತು ವುಡ್ ಕೂತಾಗ ಕಷ್ಟ. ಹುಬ್ಬು ನೋಡಿ. ವುಡ್‌ಗೆ ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೆ ಹೋಗುತ್ತದೆ. ಗ್ರೀನ್‌ಗೆ ಕಣ್ಣಿನ ಮುಂದೆಯೇ ಮುಗಿಯುತ್ತದೆ. ವುಡ್‌ನ ಬೆನ್ನು ತಿಳಿ ಚುಕ್ಕೆಗಳಿಂದ ತುಂಬಿರುತ್ತದೆ, ಕಾಲು ಹಳದಿ ಕಡೆಗೆ. ಗ್ರೀನ್‌ನ ಬೆನ್ನು ಹೆಚ್ಚು ಕಡಿಮೆ ಒಂದೇ ಗಾಢ ಬಣ್ಣ. ಎದ್ದು ಹಾರಿದಾಗ ಎರಡಕ್ಕೂ ಬಾಲದ ಬುಡ ಬಿಳಿ. ಆದರೆ ಗ್ರೀನ್‌ನ ರೆಕ್ಕೆಯ ಅಡಿ ಕಪ್ಪು, ಹಾಗಾಗಿ ಬಿಳಿ ಫಳ್ ಅಂತ ಕಣ್ಣಿಗೆ ಹೊಡೆಯುತ್ತದೆ. ವುಡ್‌ನ ರೆಕ್ಕೆಯ ಅಡಿ ತಿಳಿ. ಕಿವಿಯೂ ಸಹಾಯ ಮಾಡುತ್ತದೆ. ಗ್ರೀನ್ 'ಟ್ಲುಯಿ ವೀಟ್ ವೀಟ್' ಅಂತ ಸಿಳ್ಳೆ ಹಾಕಿಕೊಂಡು ಮೇಲಕ್ಕೇರುತ್ತದೆ. ವುಡ್‌ನದು ಒಣ ದನಿ, 'ಚಿಫ್ ಇಫ್ ಇಫ್'.

ಉದ್ದ ಕಾಲಿನ ಬೂದು ಗೊರವದಲ್ಲಿ ಕೊಕ್ಕು ದಪ್ಪಗಿದ್ದು ತುಸು ಮೇಲಕ್ಕೆ ಬಾಗಿದ್ದರೆ ಗ್ರೀನ್‌ಶಾಂಕ್, ಸೂಜಿಯಂತೆ ತೆಳುವಾಗಿ ನೇರ ಇದ್ದರೆ ಮಾರ್ಷ್ ಸ್ಯಾಂಡ್‌ಪೈಪರ್. ಉದ್ದ ಕೊಕ್ಕಿನ ಸ್ನೈಪ್‌ಗಳನ್ನು ರೆಕ್ಕೆಯ ಹಿಂದಂಚು ಕಾಣದೆ ಬೇರ್ಪಡಿಸಲು ಹೋಗಬೇಡಿ. ಪುಟಾಣಿ ಗೊರವಗಳಾದ ಸ್ಟಿಂಟ್‌ಗಳಲ್ಲಿ ಕಾಲು ಕಪ್ಪೋ ಹಳದಿಯೋ ಅಂತ ನೋಡುವ ಮೊದಲು ಕೆಸರಿನ ನೆನಪಿರಲಿ.

ಕೊಳಬಕ ಮತ್ತು ಇರುಳು ಬಕದ ಮರಿ

ಎರಡೂ ಕಂದು, ಎರಡೂ ಕುಗ್ಗಿ ಕೂರುತ್ತವೆ. ಮೈಮೇಲೆ ಉದ್ದುದ್ದ ಗೀರು ಇದ್ದು ರೆಕ್ಕೆಯ ಮೇಲೆ ಚುಕ್ಕೆ ಇಲ್ಲದಿದ್ದರೆ ಕೊಳಬಕ. ರೆಕ್ಕೆಯ ಮೇಲೆ ಸುಣ್ಣ ಸಿಡಿದಂತೆ ದಪ್ಪ ಬಿಳಿ ಚುಕ್ಕೆ ಇದ್ದರೆ ಇರುಳು ಬಕದ ಮರಿ, ಮೈಯೂ ದಪ್ಪ. ಹಾರಿದರೆ ಮುಗಿಯಿತು: ಕೊಳಬಕದ ರೆಕ್ಕೆ ಅಚ್ಚ ಬಿಳಿ, ಇನ್ನೊಂದರದ್ದು ಕಂದೇ.

ಬರೆದುಕೊಳ್ಳುವಾಗ

ಅಪರೂಪದ ಹಕ್ಕಿ ಅನ್ನಿಸಿದ ಕೂಡಲೇ ಅದನ್ನೇ ಹೋಲುವ ಸಾಮಾನ್ಯ ಹಕ್ಕಿ ಯಾವುದು, ಅದು ಏಕೆ ಅಲ್ಲ ಅಂತ ಒಂದು ಸಾಲು ಬರೆಯಿರಿ. ಆ ಸಾಲು ಬರೆಯಲಾಗದಿದ್ದರೆ ಅಪರೂಪದ ಹೆಸರು ಹಾಕಬೇಡಿ. ಫೋಟೊ ತೆಗೆಯುವಾಗ ಚೆಂದದ ಫೋಟೊ ಬೇಕಿಲ್ಲ. ಕೊಕ್ಕು ಪಕ್ಕದಿಂದ ಒಂದು, ಕಾಲು ಕಾಣುವಂತೆ ಒಂದು, ರೆಕ್ಕೆ ಬಿಚ್ಚಿದಾಗ ಒಂದು. ಮಸುಕಾದರೂ ನಡೆಯುತ್ತದೆ. ಬೇರೆ ಹಕ್ಕಿ ಪಕ್ಕದಲ್ಲಿರುವ ಫೋಟೊ ಇನ್ನೂ ಒಳ್ಳೆಯದು, ಗಾತ್ರ ಗೊತ್ತಾಗುತ್ತದೆ.

ನೋಡಿದ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಪಟ್ಟಿ ಹಾಕುವವರಿಗೆ ಒಂದು ಸೌಲಭ್ಯ ಇದೆ, ಹೊಸಬರು ಅದನ್ನು ಬಳಸುವುದು ಕಡಿಮೆ. 'ಗ್ರೀನ್ ಅಥವಾ ವುಡ್ ಸ್ಯಾಂಡ್‌ಪೈಪರ್' ಅಂತ ಜೋಡಿಯಾಗಿಯೂ ಹಾಕಬಹುದು, ಸುಮ್ನೆ 'ಯಾವುದೋ ನೀರುಕಾಗೆ' ಅಂತಲೂ ಹಾಕಬಹುದು. ಅದು ಸೋಲಲ್ಲ. ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ನಡೆಯುತ್ತಿದೆ. ಅಂಥ ಲೆಕ್ಕದಲ್ಲಿ 'ಗುರುತಾಗದ ಬಾತು, ನಲವತ್ತು' ಅನ್ನುವ ಸಾಲು ಊಹೆಯ ಮೇಲೆ ಬರೆದ ನಲವತ್ತು ಗಾರ್ಗನೆಗಿಂತ ಉಪಯೋಗಕ್ಕೆ ಬರುತ್ತದೆ. ಪಟ್ಟಿ ಪರಿಶೀಲಿಸುವವರು ಪ್ರಶ್ನೆ ಕೇಳಿ ಬರೆದರೆ ಬೇಜಾರು ಮಾಡಿಕೊಳ್ಳಬೇಡಿ, ನೀವು ನೋಡಿದ್ದನ್ನು ನೋಡಿದ ಹಾಗೆ ಹೇಳಿ. ಹಳೆಯ ಪಟ್ಟಿಯನ್ನು ಆಮೇಲೆ ಯಾವಾಗ ಬೇಕಾದರೂ ತೆರೆದು ತಿದ್ದಬಹುದು. ಮುಂದಿನ ಚಳಿಗಾಲಕ್ಕೆ ಬಾಯಿಯ ಗೆರೆ ನೋಡಲು ಬಂದ ಮೇಲೆ ಈ ವರ್ಷದ ಬೆಳ್ಳಕ್ಕಿ ಫೋಟೊಗಳನ್ನು ಒಂದು ಸಲ ತಿರುವಿ ಹಾಕಿ, ಎಷ್ಟು ಹೆಸರು ಬದಲಾಗುತ್ತವೆ ನೋಡಿ.